ಮೊದಲು ಬ್ಯಾಲೆನ್ಸ್, ಆಮೇಲೆ ಪೆಡಲ್

ಬೇಸಿಗೆ ರಜೆ ಶುರುವಾದರೆ ಊರಿನ ಮೈದಾನಗಳಲ್ಲಿ, ಲೇಔಟಿನ ಒಳರಸ್ತೆಗಳಲ್ಲಿ, ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಜಾಗದಲ್ಲಿ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಸೈಕಲ್ ಮೇಲೆ ಐದಾರು ವರ್ಷದ ಮಗು, ಹಿಂದೆ ಸೀಟು ಹಿಡಿದು ಬೆನ್ನು ಬಗ್ಗಿಸಿಕೊಂಡು ಓಡುವ ಅಪ್ಪನೋ ಅಮ್ಮನೋ ಸೋದರಮಾವನೋ. ‘ಬಿಡ್ಬೇಡಪ್ಪಾ’ ಎಂದು ಮಗು ಕೂಗುತ್ತದೆ. ‘ಬಿಟ್ಟಿಲ್ಲ ಕಣೋ, ಹಿಡ್ಕೊಂಡೇ ಇದ್ದೀನಿ, ತುಳಿ ತುಳಿ’ ಎನ್ನುತ್ತಲೇ ಅಪ್ಪ ಕೈ ಬಿಟ್ಟಿರುತ್ತಾನೆ. ಹತ್ತು ಗಜ ಹೋದ ಮಗು ತಿರುಗಿ ನೋಡುತ್ತದೆ. ಅಪ್ಪ ದೂರದಲ್ಲಿ ನಿಂತಿದ್ದಾನೆ. ಅಷ್ಟೇ, ಹ್ಯಾಂಡಲ್ ಓಲಾಡಿ ಸೈಕಲ್ ಒಂದು ಕಡೆ, ಮಗು ಒಂದು ಕಡೆ.

ನಮ್ಮಲ್ಲಿ ಅನೇಕರು ಸೈಕಲ್ ಕಲಿತದ್ದು ಹೀಗೆಯೇ. ಮಂಡಿ ತರಚಿಸಿಕೊಂಡು, ಅತ್ತು, ಮತ್ತೆ ಹತ್ತಿ ಹೇಗೋ ಕಲಿತೆವು. ಕಲಿತೆವು ಎಂಬ ಕಾರಣಕ್ಕೆ ಅದೇ ಸರಿಯಾದ ಕ್ರಮ ಎಂದು ನಂಬಿ ಮಕ್ಕಳಿಗೂ ಹಾಗೆಯೇ ಕಲಿಸುತ್ತಿದ್ದೇವೆ. ಆದರೆ ಈ ಕ್ರಮ ಬುಡಮೇಲು. ಸೈಕಲ್ ಓಡಿಸುವುದರಲ್ಲಿ ಎರಡು ಕೆಲಸಗಳಿವೆ. ಬೀಳದಂತೆ ಬ್ಯಾಲೆನ್ಸ್ ಮಾಡುವುದು ಒಂದು, ಪೆಡಲ್ ತುಳಿದು ಮುಂದೆ ಹೋಗುವುದು ಇನ್ನೊಂದು. ಪೆಡಲ್ ತುಳಿಯುವುದು ಸುಲಭದ ಕೆಲಸ, ಮೂರು ಚಕ್ರದ ಸೈಕಲ್ ಹತ್ತಿದ ಮಗು ಯಾರೂ ಹೇಳಿಕೊಡದೆ ಅದನ್ನು ಮಾಡುತ್ತದೆ. ಕಷ್ಟ ಇರುವುದು ಬ್ಯಾಲೆನ್ಸಿನಲ್ಲಿ. ಸೀಟು ಹಿಡಿದು ಓಡುವಾಗ ನಾವು ಆ ಕಷ್ಟದ ಕೆಲಸವನ್ನು ನಮ್ಮ ಕೈಯಲ್ಲಿ ಇಟ್ಟುಕೊಂಡು, ಸುಲಭದ ಕೆಲಸವನ್ನು ಮಾತ್ರ ಮಗುವಿನಿಂದ ಮಾಡಿಸುತ್ತೇವೆ. ಆಮೇಲೆ ಒಂದು ಕ್ಷಣದಲ್ಲಿ, ಅದೂ ಹೇಳದೆ ಕೇಳದೆ, ಕಷ್ಟದ್ದನ್ನೂ ಅದರ ತಲೆಗೆ ಕಟ್ಟಿ ಕೈ ಬಿಡುತ್ತೇವೆ.

ನನಗೆ ಹೇಳಬೇಕೆನಿಸುವುದು ಇಷ್ಟೇ: ಮಗುವಿಗೆ ಬ್ಯಾಲೆನ್ಸನ್ನು ಯಾರಿಂದಲೂ ಕಲಿಸಲಾಗದು, ಅದು ತಾನೇ ಕಲಿಯುವಂತೆ ಅನುವು ಮಾಡಿಕೊಡಬಹುದು. ಅದಕ್ಕೆ ಬೇಕಾದದ್ದು ಓಡುವ ಅಪ್ಪನಲ್ಲ. ಪೆಡಲ್ ಬಿಚ್ಚಿದ, ಸೀಟು ತಗ್ಗಿಸಿದ ಸೈಕಲ್, ವಾಹನ ಬಾರದ ಒಂದಿಷ್ಟು ಜಾಗ, ಅವಸರ ಮಾಡದ ದೊಡ್ಡವರು.

ಸೈಕಲ್ ಯಾಕೆ ಬೀಳುವುದಿಲ್ಲ ಎಂಬುದನ್ನು ಕಲಿಸುವವರು ತಿಳಿದುಕೊಂಡರೆ ಇದು ಅರ್ಥವಾಗುತ್ತದೆ. ನಿಂತ ಸೈಕಲ್ಲಿಗೆ ಸ್ಟ್ಯಾಂಡ್ ಹಾಕದಿದ್ದರೆ ಬೀಳುತ್ತದೆ, ಓಡುವ ಸೈಕಲ್ ಬೀಳುವುದಿಲ್ಲ. ನಿಜ ಹೇಳಬೇಕೆಂದರೆ ಓಡುವಾಗಲೂ ಅದು ಬೀಳುತ್ತಲೇ ಇರುತ್ತದೆ, ಒಮ್ಮೆ ಎಡಕ್ಕೆ ತುಸು, ಒಮ್ಮೆ ಬಲಕ್ಕೆ ತುಸು. ಎಡಕ್ಕೆ ವಾಲಿದ ಕೂಡಲೇ ಹ್ಯಾಂಡಲ್ ಎಡಕ್ಕೇ ಸ್ವಲ್ಪ ತಿರುಗಿದರೆ, ಚಕ್ರಗಳು ವಾಲುತ್ತಿರುವ ಮೈಯ ಅಡಿಗೆ ಬಂದು ಸೇರಿಕೊಳ್ಳುತ್ತವೆ, ಸೈಕಲ್ ಮತ್ತೆ ನೆಟ್ಟಗಾಗುತ್ತದೆ. ಬಲಕ್ಕೆ ವಾಲಿದರೆ ಬಲಕ್ಕೆ. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಬೇಕು ಎನ್ನುವುದೇ ಬ್ಯಾಲೆನ್ಸಿನ ಗುಟ್ಟು.

ಹೊಸದಾಗಿ ಕಲಿಯುವವರ ಮನಸ್ಸು ಇದಕ್ಕೆ ವಿರುದ್ಧವಾಗಿ ಹೇಳುತ್ತದೆ. ಎಡಕ್ಕೆ ಬೀಳುತ್ತಿದ್ದೇನೆ ಅನ್ನಿಸಿದಾಗ ಬಲಕ್ಕೆ ಎಳೆದುಕೊಳ್ಳೋಣ ಅನ್ನಿಸುತ್ತದೆ. ಎಳೆದರೆ ಚಕ್ರಗಳು ಮೈಯ ಅಡಿಯಿಂದ ಇನ್ನಷ್ಟು ಆಚೆ ಸರಿದು, ಬೀಳುವುದು ಇನ್ನೂ ಬೇಗ ಆಗುತ್ತದೆ. ‘ಎಡಕ್ಕೆ ವಾಲಿದರೆ ಎಡಕ್ಕೆ ತಿರುಗಿಸು’ ಎಂದು ಮಗುವಿಗೆ ಹೇಳಿಕೊಟ್ಟರೂ ಪ್ರಯೋಜನವಿಲ್ಲ. ಆ ತಿದ್ದುಪಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು, ಯೋಚಿಸಿ ಮಾಡುವಷ್ಟು ಪುರುಸೊತ್ತು ಅಲ್ಲಿಲ್ಲ. ಒಳಕಿವಿಯಲ್ಲಿರುವ ಸಮತೋಲನದ ಅಂಗ, ಕಣ್ಣು, ಕೈಕಾಲಿನ ಸ್ನಾಯುಗಳಿಂದ ಬರುವ ಸುದ್ದಿಯನ್ನೆಲ್ಲ ಕೂಡಿಸಿ, ಕಿರುಮೆದುಳು ಕೈಗಳಿಗೆ ಅಪ್ಪಣೆ ಕೊಡಬೇಕು. ವಾಲಿ, ತಿದ್ದಿ, ಮತ್ತೆ ವಾಲಿ, ಮತ್ತೆ ತಿದ್ದಿಯೇ ಮೈ ಇದನ್ನು ಕಲಿಯುತ್ತದೆ. ನೀರಿಗಿಳಿಯದೆ ಈಜು ಬಾರದು, ವಾಲದೆ ಬ್ಯಾಲೆನ್ಸ್ ಬಾರದು.

ಸೀಟು ಹಿಡಿದಾಗ ಆಗುವ ನಷ್ಟ ಇದೇ. ಹಿಡಿದ ಸೈಕಲ್ ವಾಲುವುದಿಲ್ಲ. ವಾಲದಿದ್ದರೆ ತಿದ್ದುವ ಅಗತ್ಯವಿಲ್ಲ. ಮೈದಾನಕ್ಕೆ ಹತ್ತು ಸುತ್ತು ಹಾಕಿದರೂ ಮಗುವಿನ ಮೈಗೆ ಏನೂ ಪಾಠವಾಗಿರುವುದಿಲ್ಲ, ಅಪ್ಪನ ಸೊಂಟ ಹಿಡಿದಿರುತ್ತದೆ ಅಷ್ಟೇ. ಹ್ಯಾಂಡಲ್ ಹಿಡಿಯುವುದು ಇನ್ನೂ ಕೆಟ್ಟದ್ದು. ತಿದ್ದಬೇಕಾದ ಜಾಗವನ್ನೇ ನಾವು ಬಿಗಿಹಿಡಿದಿರುತ್ತೇವೆ. ಜೊತೆಗೆ ಭಯದಿಂದ ಮಗು ನಿಧಾನವಾಗಿ ಹೋಗಲು ನೋಡುತ್ತದೆ. ವೇಗ ಕಡಿಮೆಯಾದಷ್ಟೂ ಚಕ್ರಗಳು ಮೈಯ ಅಡಿಗೆ ಬರುವುದು ತಡವಾಗುತ್ತದೆ, ಬ್ಯಾಲೆನ್ಸ್ ಕಷ್ಟವಾಗುತ್ತದೆ.

ಚಕ್ರ ಗಿರಗಿರ ತಿರುಗುವುದರಿಂದ ಬುಗುರಿಯ ಹಾಗೆ ಸೈಕಲ್ ನೆಟ್ಟಗೆ ನಿಲ್ಲುತ್ತದೆ ಎಂಬ ವಿವರಣೆಯನ್ನು ನಾವು ಶಾಲೆಯಲ್ಲಿ ಕೇಳಿದ್ದೇವೆ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಡೇವಿಡ್ ಜೋನ್ಸ್ ಇದನ್ನು ಪರೀಕ್ಷಿಸಲು ಹೊರಟರು. ಯಾರಿಂದಲೂ ಓಡಿಸಲಾಗದಂಥ ಸೈಕಲ್ ಮಾಡಬೇಕೆಂದು ಮುಂದಿನ ಚಕ್ರದ ಪಕ್ಕದಲ್ಲಿ ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಆ ಬುಗುರಿಯ ಗುಣವನ್ನೇ ಅಳಿಸಿದರು. ಆದರೂ ಅದನ್ನು ಸಲೀಸಾಗಿ ಓಡಿಸಲು ಬಂತು. 1970ರಲ್ಲಿ ಅವರು ಇದನ್ನು ಪ್ರಕಟಿಸಿದರು. 2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯಗಳ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚಕ್ರ ತಿರುಗುವುದರ ಪರಿಣಾಮವನ್ನೂ ಮುಂದಿನ ಫೋರ್ಕಿನ ಓರೆಯಿಂದ ಬರುವ ಪರಿಣಾಮವನ್ನೂ ತೆಗೆದುಹಾಕಿದ ಪುಟ್ಟ ಸೈಕಲ್ಲೊಂದನ್ನು ಮಾಡಿ, ಸವಾರನೇ ಇಲ್ಲದೆ ತಳ್ಳಿಬಿಟ್ಟರು. ಅದು ಬೀಳದೆ ಹೋಯಿತು. ತೂಕವನ್ನು ಸರಿಯಾದ ಜಾಗದಲ್ಲಿ ಹಂಚಿದ್ದರಿಂದ, ವಾಲಿದ ಕಡೆಗೆ ಅದರ ಹ್ಯಾಂಡಲ್ ತಾನೇ ತಿರುಗುತ್ತಿತ್ತು. ಮಾಮೂಲಿ ಸೈಕಲ್ಲನ್ನು ಖಾಲಿ ಮೈದಾನದಲ್ಲಿ ಜೋರಾಗಿ ತಳ್ಳಿ ಬಿಟ್ಟುನೋಡಿ, ಅದೂ ಕೊಂಚ ದೂರ ತನ್ನಷ್ಟಕ್ಕೆ ಹೋಗುತ್ತದೆ. ಅಂದರೆ ಸೈಕಲ್ ತಾನಾಗಿ ನಿಲ್ಲಲು ಅರ್ಧ ಸಿದ್ಧವಾಗಿಯೇ ಇರುತ್ತದೆ. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ಅದಕ್ಕೆ ಅಡ್ಡಿ ಮಾಡದಿರುವುದನ್ನು ಮಗು ಕಲಿಯಬೇಕು.

ಸೈಕಲ್ಲಿನ ಚರಿತ್ರೆಯೂ ಇದೇ ಕ್ರಮವನ್ನು ಹೇಳುತ್ತದೆ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್ ಊರಿನಿಂದ ತನ್ನ ಹೊಸ ಎರಡು ಚಕ್ರದ ಗಾಡಿ ಏರಿ ಹೊರಟಾಗ ಅದಕ್ಕೆ ಪೆಡಲ್ ಇರಲಿಲ್ಲ. ಮರದ ಗಾಡಿಯ ಮೇಲೆ ಕುಳಿತು, ಎರಡೂ ಕಾಲಿನಿಂದ ನೆಲ ಒದ್ದು ಓಡುತ್ತ, ವೇಗ ಬಂದಾಗ ಕಾಲೆತ್ತಿ ತೇಲುತ್ತ ಹೋಗುವುದು ಅದರ ಕ್ರಮ. ಮುಂದಿನ ಚಕ್ರಕ್ಕೆ ಪೆಡಲ್ ಕೂಡಿಸಿದ ಗಾಡಿಗಳು ಪ್ಯಾರಿಸ್ಸಿನಲ್ಲಿ ಮಾರಾಟಕ್ಕೆ ಬಂದದ್ದು 1860ರ ದಶಕದಲ್ಲಿ. ಸರಪಳಿಯಿಂದ ಹಿಂದಿನ ಚಕ್ರ ತಿರುಗಿಸುವ, ಇಂದಿನ ಸೈಕಲ್ಲಿನ ರೂಪದ ‘ರೋವರ್’ ಅನ್ನು ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನಲ್ಲಿ ತಂದದ್ದು 1885ರಲ್ಲಿ. ಗಾಳಿ ತುಂಬಿದ ಟೈರು ಬಂದದ್ದಂತೂ ಒಂದು ಮಗುವಿನ ನೆಪದಲ್ಲಿ. ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲಿ ಎಂದು ಮಾಡಿದ ಪ್ರಯೋಗಕ್ಕೆ 1888ರಲ್ಲಿ ಪೇಟೆಂಟ್ ಪಡೆದ. ಎರಡು ಚಕ್ರದ ಗಾಡಿಯ ಮೇಲೆ ಮನುಷ್ಯ ಬ್ಯಾಲೆನ್ಸ್ ಕಲಿತು ಸುಮಾರು ಅರ್ಧ ಶತಮಾನ ಕಳೆದ ಮೇಲೆ ಪೆಡಲ್ ಬಂತು ಎಂಬುದನ್ನು ಗಮನಿಸಿ. ಈಗ ಅಂಗಡಿಗಳಲ್ಲಿ ‘ಬ್ಯಾಲೆನ್ಸ್ ಬೈಕ್’ ಎಂದು ಸಿಗುವ ಪೆಡಲ್ ಇಲ್ಲದ ಪುಟ್ಟ ಸೈಕಲ್ ಡ್ರೈಸ್‌ನ ಗಾಡಿಯ ವಂಶದ್ದೇ.

ನಮ್ಮ ಹಳ್ಳಿಗಳಲ್ಲೂ ಈ ವಿದ್ಯೆ ಇತ್ತು. ಮಕ್ಕಳ ಸೈಕಲ್ ಎಂಬುದೇ ಇಲ್ಲದ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ಅಪ್ಪನದೋ ದೊಡ್ಡಪ್ಪನದೋ ದೊಡ್ಡ ಚಕ್ರದ ಭಾರದ ಸೈಕಲ್. ಇಲ್ಲವೇ ಗಂಟೆಗಿಷ್ಟು ಎಂದು ಬಾಡಿಗೆಗೆ ತಂದದ್ದು. ಸೀಟು ಎದೆಯ ಮಟ್ಟಕ್ಕೆ ಬರುತ್ತಿತ್ತು. ಹುಡುಗರು ಸೀಟಿನ ಆಸೆ ಬಿಟ್ಟು, ಎಡಗಾಲನ್ನು ಎಡ ಪೆಡಲ್ ಮೇಲಿಟ್ಟು ಬಲಗಾಲಿನಿಂದ ನೆಲ ಒದ್ದು ತಳ್ಳುತ್ತ ಹೋಗುತ್ತಿದ್ದರು. ಸೈಕಲ್ ವೇಗ ಹಿಡಿದಾಗ ಬಲಗಾಲೆತ್ತಿ ಒಂದಿಷ್ಟು ದೂರ ನಿಂತೇ ತೇಲುವುದು. ಅದು ಪಳಗಿದ ಮೇಲೆ ಕಂಬಿಯ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ ಒಳಪೆಡಲ್ ಹೊಡೆಯುವುದು, ಮೊದಲು ಅರ್ಧ ಪೆಡಲ್, ಆಮೇಲೆ ಪೂರ್ತಿ. ಕಾಲು ಉದ್ದವಾದ ಮೇಲೆ ಕಂಬಿ, ಕೊನೆಗೆ ಸೀಟು. ಯಾವ ಪುಸ್ತಕವೂ ಹೇಳಿಕೊಡದ ಈ ಕ್ರಮದಲ್ಲಿ ಬ್ಯಾಲೆನ್ಸ್ ಮೊದಲು, ಪೆಡಲ್ ಆಮೇಲೆ ಬರುತ್ತಿತ್ತು. ಕಾಲು ನೆಲಕ್ಕೆ ಹತ್ತಿರವಿದ್ದುದರಿಂದ ಬೀಳುವ ಮುನ್ನ ಇಳಿದುಬಿಡುತ್ತಿದ್ದರು. ಮಕ್ಕಳ ಅಳತೆಯ ಸೈಕಲ್ ಬಂದ ಮೇಲೆ ಈ ಮೆಟ್ಟಿಲು ತಪ್ಪಿಹೋಗಿ, ಅದರ ಜಾಗಕ್ಕೆ ಸೈಡ್ ವೀಲ್ ಬಂತು.

ಸೈಡ್ ವೀಲ್ ಕಂಡರೆ ಹೆತ್ತವರಿಗೆ ಧೈರ್ಯ, ಮಗುವಿಗೂ ಖುಷಿ. ಅದನ್ನು ಹಾಕಿಸುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಸೈಡ್ ವೀಲ್ ಹಾಕಿದ ಸೈಕಲ್ ನಾಲ್ಕು ಚಕ್ರದ ಗಾಡಿ. ಅದು ವಾಲುವುದಿಲ್ಲ. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲಲೇಬೇಕು. ಇದು ವಾಲದ ಕಾರಣ ಮಗು ಮೈಯನ್ನು ಹೊರಕ್ಕೆ ಚೆಲ್ಲಿ ತಿರುಗಿಸುವ ಅಭ್ಯಾಸ ಮಾಡಿಕೊಳ್ಳುತ್ತದೆ. ಒಂದು ಪಕ್ಕದ ಪುಟ್ಟ ಚಕ್ರದ ಮೇಲೆ ಭಾರ ಬಿಟ್ಟುಕೊಂಡು ಸಾಗುವುದೂ ರೂಢಿಯಾಗುತ್ತದೆ. ವರ್ಷದ ಮೇಲೆ ಸೈಡ್ ವೀಲ್ ತೆಗೆದ ದಿನ ಇದೆಲ್ಲವನ್ನೂ ಮರೆಯಬೇಕು. ಮೈ ಕಲಿತದ್ದನ್ನು ಮರೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಅದು ಎಷ್ಟು ಕಷ್ಟ ಎಂಬುದನ್ನು ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್ 2015ರಲ್ಲಿ ಒಂದು ವಿಡಿಯೊದಲ್ಲಿ ತೋರಿಸಿದ್ದಾರೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೋಗುವ ಸೈಕಲ್ಲೊಂದನ್ನು ಅವರ ಜೊತೆಗಾರರು ಮಾಡಿಕೊಟ್ಟಿದ್ದರು. ಚಿಕ್ಕಂದಿನಿಂದ ಸೈಕಲ್ ಹೊಡೆದ ಸ್ಯಾಂಡ್ಲಿನ್‌ಗೆ ಅದನ್ನು ಓಡಿಸಲು ಪ್ರತಿದಿನ ಅಭ್ಯಾಸ ಮಾಡಿಯೂ 8 ತಿಂಗಳು ಬೇಕಾಯಿತು. ಅವರ ಪುಟ್ಟ ಮಗ 2 ವಾರದಲ್ಲಿ ಕಲಿತ. ಎಳೆಯ ಮೆದುಳು ಎಷ್ಟು ಬೇಗ ಬಾಗುತ್ತದೆ ಎಂಬುದು ಇದರಲ್ಲಿದೆ, ಒಮ್ಮೆ ಅಂಟಿದ ಅಭ್ಯಾಸ ಎಷ್ಟು ಗಟ್ಟಿ ಎಂಬುದೂ ಇದೆ. ಬೇಗ ಕಲಿಯುವ ಆ ವಯಸ್ಸಿನಲ್ಲಿ ಸರಿಯಾದದ್ದನ್ನೇ ಕಲಿಯಲು ಬಿಡೋಣ. ಪೋರ್ಚುಗಲ್ಲಿನ ಸಂಶೋಧಕರು ಸೈಕಲ್ ಕಲಿತ ವಯಸ್ಸನ್ನು ಹೋಲಿಸಿ ನೋಡಿದಾಗಲೂ, ಪೆಡಲ್ ಇಲ್ಲದ ಸೈಕಲ್ಲಿನಿಂದ ಶುರು ಮಾಡಿದವರು ಸೈಡ್ ವೀಲ್‌ನಿಂದ ಶುರು ಮಾಡಿದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಸ್ವತಂತ್ರವಾಗಿ ಓಡಿಸಿದ್ದು ಕಂಡುಬಂದಿದೆ.

ಹಾಗೆಂದು ಬ್ಯಾಲೆನ್ಸ್ ಬೈಕನ್ನೇ ಕೊಳ್ಳಬೇಕೆಂದಿಲ್ಲ. ಮನೆಯಲ್ಲಿರುವ ಸೈಕಲ್ಲಿನ ಪೆಡಲ್ ಬಿಚ್ಚಿದರೆ ಸಾಕು. 15 ಎಂಎಂ ಪಾನಾ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ಬಲಗಡೆಯ ಪೆಡಲಿಗೆ ಮಾಮೂಲಿ ಮರೆ, ಎಡಗಡೆಯದಕ್ಕೆ ಉಲ್ಟಾ ಮರೆ. ತುಳಿಯುತ್ತ ತುಳಿಯುತ್ತ ಪೆಡಲ್ ಸಡಿಲವಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ಇದು ಗೊತ್ತಿಲ್ಲದೆ ಎಡಗಡೆಯದನ್ನೂ ಮಾಮೂಲಿ ದಿಕ್ಕಿಗೆ ತಿರುಗಿಸಿ ಬಲ ಹಾಕಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ, ಮರೆಯೂ ಹಾಳಾಗಬಹುದು. ನೆನಪಿಟ್ಟುಕೊಳ್ಳಲು ಸುಲಭದ ದಾರಿ ಇದೆ. ಯಾವ ಕಡೆಯದಾದರೂ ಸರಿ, ಪಾನಾವನ್ನು ಪೆಡಲಿನ ಬುಡಕ್ಕೆ ಸಿಕ್ಕಿಸಿ ಹಿಡಿಯನ್ನು ಆಕಾಶದ ಕಡೆಗೆ ನಿಲ್ಲಿಸಿ, ಅಲ್ಲಿಂದ ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ಒಂದೆರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆಗದಿದ್ದರೆ ಪಂಕ್ಚರ್ ಹಾಕುವ ಸೈಕಲ್ ಅಂಗಡಿಯವರು ಎರಡು ನಿಮಿಷದಲ್ಲಿ ಬಿಚ್ಚಿಕೊಡುತ್ತಾರೆ. ಪೆಡಲ್ ತುದಿಯಲ್ಲಿ ಎಡ–ಬಲದ ಗುರುತಿರುತ್ತದೆ, ಮತ್ತೆ ಹಾಕುವಾಗ ಅದಲು ಬದಲು ಆಗದಿರಲಿ.

ಪೆಡಲ್ ಬಿಚ್ಚಿದ ಮೇಲೆ ಸೀಟನ್ನು ಪೂರ್ತಿ ಕೆಳಗಿಳಿಸಿ. ಮಗು ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಕೊಂಚ ಮಡಚಿರಬೇಕು. ಈ ಒಂದು ಅಳತೆ ಸರಿಯಿದ್ದರೆ ಭಯದ ಮುಕ್ಕಾಲು ಪಾಲು ಹೋದಂತೆ. ಬೇಕೆಂದಾಗ ಕಾಲು ಊರಬಹುದು ಎಂಬುದು ಮಗುವಿಗೆ ಗೊತ್ತಿರುತ್ತದೆ, ಯಾರ ಕೈಯನ್ನೂ ಅದು ಕಾಯಬೇಕಿಲ್ಲ. ‘ಇನ್ನೆರಡು ವರ್ಷ ಬರಲಿ’ ಎಂದು ದೊಡ್ಡ ಸೈಕಲ್ ಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಮಗುವಿಗೆ ಅನ್ಯಾಯ ಮಾಡುತ್ತದೆ. ಮೂರು ವರ್ಷದ ಆಸುಪಾಸಿಗೆ 12 ಇಂಚಿನ ಚಕ್ರ, ನಾಲ್ಕರಿಂದ ಆರಕ್ಕೆ 14 ಅಥವಾ 16, ಅಲ್ಲಿಂದ ಮುಂದೆ 20 ಎಂಬುದು ಅಂದಾಜಿನ ಲೆಕ್ಕ. ವಯಸ್ಸಿಗಿಂತ ಕಾಲಿನ ಉದ್ದ ಮುಖ್ಯ. ಆದ್ದರಿಂದ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿಯೇ ಕೊಳ್ಳಿ. ತೂಕವನ್ನೂ ಎತ್ತಿ ನೋಡಿ. ಹದಿನೈದು ಕಿಲೋ ತೂಗುವ ಮಗುವಿಗೆ ಹತ್ತು ಕಿಲೋ ತೂಗುವ, ಬುಟ್ಟಿ, ಕ್ಯಾರಿಯರ್, ಅಲಂಕಾರವೆಲ್ಲ ಇರುವ ಸೈಕಲ್ ಕೊಟ್ಟರೆ ಅದನ್ನು ಎತ್ತಿ ನಿಲ್ಲಿಸುವುದೇ ಒಂದು ಸಾಹಸವಾಗುತ್ತದೆ.

ಜಾಗ ಗಟ್ಟಿ ಮಣ್ಣಿನದೋ ಸಿಮೆಂಟಿನದೋ ಇರಲಿ. ಮರಳು, ಜಲ್ಲಿ, ದಟ್ಟ ಹುಲ್ಲು ಚಕ್ರವನ್ನು ಹಿಡಿದುಕೊಳ್ಳುತ್ತವೆ. ಟೈರಿಗೆ ಗಾಳಿ ತುಂಬಿರಲಿ. ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರು ಇದ್ದರೆ ಒಳ್ಳೆಯದು, ಆದರೆ ಇಳಿಜಾರಿನ ತುದಿ ರಸ್ತೆಗೋ ಮೋರಿಗೋ ಸೇರದಿರಲಿ. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ. ಶೂ ಲೇಸು, ಪ್ಯಾಂಟಿನ ಕಾಲು, ದುಪಟ್ಟಾ ಚೈನಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಹೆಲ್ಮೆಟ್ ಹಾಕಲೇಬೇಕು. ಸೈಕಲ್ಲಿಗೆ ಕಾನೂನಿನ ಕಡ್ಡಾಯವಿಲ್ಲದಿದ್ದರೂ ತಲೆಗೆ ಪೆಟ್ಟಾದರೆ ಅದನ್ನು ಸರಿಪಡಿಸುವ ಕಾನೂನು ಯಾವುದೂ ಇಲ್ಲ. ಹೆಲ್ಮೆಟ್ ಹಣೆಯನ್ನು ಮುಚ್ಚಿ ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲಿರಬೇಕು. ಗಲ್ಲದ ಪಟ್ಟಿಯ ಒಳಗೆ ಒಂದೆರಡು ಬೆರಳಷ್ಟೇ ಹೋಗಬೇಕು. ಹಿಂದಕ್ಕೆ ಜಾರಿ ಹಣೆ ಬಯಲಾದ ಹೆಲ್ಮೆಟ್ ಇದ್ದೂ ಇಲ್ಲದಂತೆ.

ಇನ್ನು ಮಗು ಮಾಡಬೇಕಾದದ್ದು. ಮೊದಲು ಸೀಟಿನ ಮೇಲೆ ಕುಳಿತೇ ನಡೆಯಲಿ. ಬೇಜಾರಾಗುವ ತನಕ ನಡೆಯಲಿ. ಆಮೇಲೆ ಹೆಜ್ಜೆ ತಾನಾಗಿ ಉದ್ದವಾಗುತ್ತದೆ, ನಡಿಗೆ ಓಟವಾಗುತ್ತದೆ. ಒಂದು ಹಂತದಲ್ಲಿ, ಯಾರೂ ಹೇಳದಿದ್ದರೂ, ಎರಡೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ. ಕಳೆದ ಬೇಸಿಗೆಯಲ್ಲಿ ಒಂದು ಸರ್ಕಾರಿ ಶಾಲೆಯ ಮೈದಾನದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಹೀಗೆ ಕಲಿಯುವುದನ್ನು ಕುಳಿತು ನೋಡಿದೆ. ಮೆಟ್ಟಿಲ ಮೇಲೆ ಅವಳ ಅಜ್ಜಿ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಹುಡುಗಿ ಪೆಡಲ್ ಇಲ್ಲದ ಸೈಕಲ್ಲಿನಲ್ಲಿ ಧ್ವಜಕಟ್ಟೆಯಿಂದ ಬೇವಿನ ಮರದ ತನಕ ಟಪಟಪ ಓಡುವುದು, ತಿರುಗಿ ಬರುವುದು. ಮೊದಮೊದಲು ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಜೋರಾಗಿ ಹೊಯ್ದಾಡುತ್ತಿತ್ತು. ಬರಬರುತ್ತ ಆ ಹೊಯ್ದಾಟ ಸಣ್ಣದಾಯಿತು, ಮಣ್ಣಿನ ಮೇಲೆ ಟೈರಿನ ಗುರುತು ಹಾವಿನ ಡೊಂಕು ಬಿಟ್ಟು ನೇರವಾಗತೊಡಗಿತು. ಒಮ್ಮೆ ಕಾಲೆರಡೂ ಗಾಳಿಯಲ್ಲಿ ಅಗಲಕ್ಕೆ ಚಾಚಿಕೊಂಡು ಮರದ ಹತ್ತಿರದ ತನಕ ಹೋದಳು. ಮರುಗಳಿಗೆಗೆ ಸೈಕಲ್ ಅಲ್ಲೇ ಕೆಡವಿ ಓಡಿಬಂದು, ‘ಅಜ್ಜೀ, ಕಾಲು ಎತ್ತಿದ್ದೆ, ನೋಡಿದ್ಯಾ?’ ಎಂದಳು. ಅಜ್ಜಿಗೆ ಸೈಕಲ್ ಬರುತ್ತಿರಲಿಲ್ಲ, ಅವರು ಒಂದು ಸೂಚನೆಯನ್ನೂ ಕೊಟ್ಟಿರಲಿಲ್ಲ. ‘ನೋಡ್ದೆ ಮಗಾ, ಇನ್ನೊಂದ್ಸಲ ಮಾಡು’ ಎಂದರು. ಕಲಿಸುವವರು ಆಡಬೇಕಾದ ಮಾತು ಅದೊಂದೇ.

ಕಾಲೆತ್ತಿ ಒಂದರಿಂದ ಹತ್ತರ ತನಕ ಎಣಿಸುವಷ್ಟು ಹೊತ್ತು ತೇಲುವುದು, ಹಾಗೆ ತೇಲುತ್ತಲೇ ಸಣ್ಣ ತಿರುವು ತೆಗೆದುಕೊಳ್ಳುವುದು ಬಂದರೆ ಬ್ಯಾಲೆನ್ಸ್ ಬಂತು ಎಂದೇ ಅರ್ಥ. ಕೆಲವು ಮಕ್ಕಳಿಗೆ ಇದು ಒಂದು ಮಧ್ಯಾಹ್ನದಲ್ಲಿ ಬರುತ್ತದೆ, ಕೆಲವರಿಗೆ ವಾರಗಳು ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಗು ದಣಿಯುವ ಮುನ್ನ, ಇನ್ನೂ ಆಸೆ ಇರುವಾಗಲೇ ನಿಲ್ಲಿಸುವುದು ಒಳ್ಳೆಯದು. ಈ ಹಂತದಲ್ಲೇ ಬ್ರೇಕ್ ಕಲಿಸಿ. ಪುಟ್ಟ ಬೆರಳಿಗೆ ಬ್ರೇಕಿನ ಹಿಡಿ ಎಟಕುತ್ತದೆಯೇ, ಒತ್ತಲು ಬರುತ್ತದೆಯೇ ನೋಡಿ. ಬಹಳ ಸೈಕಲ್ಲುಗಳಲ್ಲಿ ಹಿಡಿಯನ್ನು ಹತ್ತಿರಕ್ಕೆ ತರಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ‘ಇಲ್ಲಿ ನಿಲ್ಲಿಸು ನೋಡೋಣ’ ಎಂದರೆ ಮಕ್ಕಳು ಆಟದಂತೆ ಕಲಿಯುತ್ತಾರೆ. ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆತ್ತಗೆ ಒತ್ತುವುದು ರೂಢಿಯಾಗಲಿ. ನಿಲ್ಲಿಸುವುದು ಗೊತ್ತಿರುವ ಮಗುವಿಗೆ ವೇಗದ ಭಯ ಇರುವುದಿಲ್ಲ.

ಆಮೇಲೆ ಪೆಡಲ್ ಹಾಕಿ. ಒಂದು ಪೆಡಲನ್ನು ಮುಂದಕ್ಕೆ, ತುಸು ಮೇಲಕ್ಕೆ ತಂದು ಅದರ ಮೇಲೆ ಕಾಲಿಟ್ಟು ಒತ್ತಿದರೆ ಮೊದಲ ವೇಗ ಸಿಗುತ್ತದೆ. ಇಲ್ಲಿ ಸಹಾಯ ಬೇಕಾದರೆ ಮಗುವಿನ ಬೆನ್ನಿಗೋ ಭುಜಕ್ಕೋ ಕೈ ತಾಗಿಸಿ, ಸೈಕಲ್ ಮುಟ್ಟಬೇಡಿ. ಮಗು ಪೆಡಲನ್ನೋ ಮುಂದಿನ ಚಕ್ರವನ್ನೋ ನೋಡುತ್ತಿದ್ದರೆ, ಹತ್ತು ಹೆಜ್ಜೆ ಮುಂದೆ ನಿಂತು ‘ನನ್ನ ಮುಖ ನೋಡ್ಕೊಂಡು ಬಾ’ ಎನ್ನಿ. ಕಣ್ಣು ಹೋದ ಕಡೆ ಸೈಕಲ್ ಹೋಗುತ್ತದೆ. ಕಲ್ಲಿಗೆ ಗುದ್ದಬಾರದು ಎಂದು ಕಲ್ಲನ್ನೇ ನೋಡಿದರೆ ಕಲ್ಲಿಗೇ ಗುದ್ದುವುದು ಎಲ್ಲರ ಅನುಭವ. ಪೆಡಲ್ ಪಳಗಿದ ಮೇಲೆ ಸೀಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಈ ಕ್ರಮದಲ್ಲಿ ‘ಬಿಟ್ಟಿಲ್ಲ, ಹಿಡ್ಕೊಂಡೇ ಇದ್ದೀನಿ’ ಎಂಬ ಸುಳ್ಳಿಗೆ ಜಾಗವೇ ಇಲ್ಲ ಎನ್ನುವುದು ನನಗೆ ಬಹಳ ಮುಖ್ಯ. ಆ ಸುಳ್ಳನ್ನು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಮಗು ತಿರುಗಿ ನೋಡಿದಾಗ ಅದಕ್ಕೆ ಗೊತ್ತಾಗುವುದು ಎರಡು ಸಂಗತಿ: ತಾನು ಒಬ್ಬಂಟಿ, ಅಪ್ಪ ಹೇಳಿದ್ದು ನಿಜವಲ್ಲ. ಮರುದಿನ ಸೈಕಲ್ ಹತ್ತುವುದಿಲ್ಲ ಎಂದು ಹಠ ಮಾಡುವ ಎಷ್ಟೋ ಮಕ್ಕಳು ಬಿದ್ದ ನೋವಿಗಿಂತ ಈ ಕಾರಣಕ್ಕೆ ಹಿಂಜರಿಯುತ್ತಾರೆ. ಬಿಡುವುದಿದ್ದರೆ ‘ಈಗ ಬಿಡ್ತೀನಿ ಪುಟ್ಟಾ’ ಎಂದು ಹೇಳಿ ಬಿಡಿ. ಬಿದ್ದರೆ ಓಡಿಹೋಗಿ ಗಾಬರಿ ಹುಟ್ಟಿಸಬೇಡಿ, ‘ಏನೂ ಆಗಿಲ್ಲ, ಎದ್ದೇಳು’ ಎಂದು ನೋವನ್ನು ತಳ್ಳಿಹಾಕಲೂಬೇಡಿ. ತರಚಿದ್ದನ್ನು ನೀರಿನಲ್ಲಿ ತೊಳೆಯಿರಿ, ಇನ್ನೊಮ್ಮೆ ಹತ್ತುವುದೋ ನಾಳೆ ನೋಡುವುದೋ ಎಂಬುದನ್ನು ಮಗುವಿಗೇ ಬಿಡಿ. ಪಕ್ಕದ ಮನೆಯ ಹುಡುಗ ನಾಲ್ಕಕ್ಕೇ ಕಲಿತ ಎಂಬ ಹೋಲಿಕೆಯಿಂದ ಯಾವ ಮಗುವೂ ಬೇಗ ಕಲಿತದ್ದಿಲ್ಲ. ಎಂಟಕ್ಕೋ ಹತ್ತಕ್ಕೋ ಶುರು ಮಾಡಿದ ಮಕ್ಕಳಿಗೂ ಇದೇ ಕ್ರಮ ಸಾಕು. ಚಲನೆಯ ತೊಂದರೆ ಇರುವ ಮಕ್ಕಳಿಗೆ ಹೆಚ್ಚು ಸಮಯ, ಕೆಲವರಿಗೆ ಮೂರು ಚಕ್ರದ ದೊಡ್ಡ ಸೈಕಲ್ ಬೇಕಾಗಬಹುದು. ಅದೂ ಸೈಕಲ್ಲೇ.

ಸೈಕಲ್ ಓಡಿಸಲು ಬರುವುದು ಬೇರೆ, ರಸ್ತೆಗಿಳಿಯುವುದು ಬೇರೆ. ಮೈದಾನದಲ್ಲಿ ಜುಮ್ಮೆಂದು ಹೋಗುವ ಏಳು ವರ್ಷದ ಮಗುವನ್ನು ಕಂಡು ‘ಅಂಗಡಿಗೆ ಹೋಗಿ ಹಾಲು ತಾ’ ಎಂದು ಕಳಿಸಬೇಡಿ. ಎದುರಿಗೆ ಬರುವ ವಾಹನ ಎಷ್ಟು ವೇಗದಲ್ಲಿದೆ ಎಂದು ಅಳೆಯುವ ಶಕ್ತಿ ಆ ವಯಸ್ಸಿಗೆ ಪೂರ್ತಿ ಬಂದಿರುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ತಮ್ಮತ್ತ ಬರುವ ವಾಹನ ಹತ್ತಿರವಾಗುತ್ತಿದೆ ಎಂಬುದೇ ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣಿಗೆ ಸರಿಯಾಗಿ ತಿಳಿಯದೆ ಹೋಗಬಹುದು. ಅದು ಮಗುವಿನ ಅಜಾಗರೂಕತೆಯಲ್ಲ, ಬೆಳವಣಿಗೆಯ ಮಿತಿ. ಜರ್ಮನಿಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ಸೈಕಲ್ ತರಬೇತಿ ಕೊಟ್ಟು ಪರೀಕ್ಷೆ ಮಾಡುತ್ತಾರೆ, ಪೊಲೀಸರೂ ಅದರಲ್ಲಿ ಭಾಗಿಯಾಗುತ್ತಾರೆ. ನೆದರ್ಲೆಂಡ್ಸಿನಲ್ಲಿ ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ಮಕ್ಕಳು ಬರವಣಿಗೆಯ ಪರೀಕ್ಷೆಯ ಜೊತೆಗೆ ನಿಜವಾದ ರಸ್ತೆಯಲ್ಲೂ ಪರೀಕ್ಷೆ ಕೊಡುತ್ತಾರೆ. ಹಿಂದೆ ತಿರುಗಿ ನೋಡುವುದು, ಕೈ ತೋರಿಸಿ ತಿರುಗುವುದು, ಕೂಡುರಸ್ತೆಯಲ್ಲಿ ಕಾಯುವುದು ಅಲ್ಲಿ ಪಾಠದ ಭಾಗ.

ನಮ್ಮಲ್ಲಿ 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ದೂರದ ಪ್ರೌಢಶಾಲೆಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳ ಓದು ಆ ಸೈಕಲ್ಲಿನಿಂದ ಮುಂದುವರಿಯಿತು. ಅದೇ ಕಾಲಕ್ಕೆ ಬಿಹಾರದಲ್ಲಿ ಆರಂಭವಾದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ 32ರಷ್ಟು ಹೆಚ್ಚಿತು ಎಂದು 2017ರಲ್ಲಿ ಬರೆದರು. ಕೊಟ್ಟ ಸೈಕಲ್ ಓಡಿಸಲು ಹುಡುಗಿಗೆ ಮೊದಲೇ ಬರುತ್ತಿದ್ದರೆ ಆ ಲಾಭ ಮೊದಲ ದಿನದಿಂದಲೇ ಸಿಗುತ್ತದೆ. ಆರನೇ ವಯಸ್ಸಿನಲ್ಲಿ ತಮ್ಮನಿಗೆ ಸೈಕಲ್, ಅಕ್ಕನಿಗೆ ಅಡುಗೆಮನೆಯ ಆಟಿಕೆ ಎಂದು ಭೇದ ಮಾಡಿದ ಮನೆಯಲ್ಲಿ, ಹದಿಮೂರನೇ ವಯಸ್ಸಿನಲ್ಲಿ ಶಾಲೆಯಿಂದ ಬಂದ ಸೈಕಲ್ಲೂ ತಮ್ಮನ ಪಾಲಾಗುತ್ತಿತ್ತು. ಆದ್ದರಿಂದ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ, ಗಂಡುಮಕ್ಕಳ ಜೊತೆಗೇ ಕಲಿಸಬೇಕು.

ಇದಕ್ಕೆಲ್ಲ ಜಾಗ ಬೇಕು. ಬೆಂಗಳೂರಿನಂಥ ಊರಿನಲ್ಲಿ ಐದು ವರ್ಷದ ಮಗುವಿಗೆ ವಾಹನ ಬಾರದ ನೂರು ಗಜ ನೆಲ ಸಿಗುವುದು ಕಷ್ಟವಾಗಿದೆ. ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕಿನ ರಸ್ತೆಗಳಲ್ಲಿ ಪುಟ್ಟ ಸೈಕಲ್ಲುಗಳ ಜಾತ್ರೆಯೇ ಸೇರುತ್ತದೆ ಎಂದರೆ ಉಳಿದ ಕಡೆ ಎಷ್ಟು ಬರ ಇದೆ ಎಂದು ತಿಳಿಯಬಹುದು. ಬಡಾವಣೆಯ ಪಾರ್ಕಿನ ಗೇಟಿನಲ್ಲಿ ‘ಸೈಕಲ್ ನಿಷೇಧ’ ಎಂಬ ಬೋರ್ಡು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರಿಗೆ ಗೀರು ಬೀಳುತ್ತದೆ ಎಂಬ ದೂರು. ನಿವಾಸಿಗಳ ಸಂಘದವರು ಬೆಳಿಗ್ಗೆ ಒಂದು ಗಂಟೆ ಮಕ್ಕಳ ಸೈಕಲ್ಲಿಗೆಂದು ಮೀಸಲಿಡಬಹುದು, ಒಂದು ಒಳರಸ್ತೆಯನ್ನು ಭಾನುವಾರ ಎರಡು ತಾಸು ವಾಹನಗಳಿಗೆ ಮುಚ್ಚಬಹುದು. ಅದಕ್ಕಿಂತ ದೊಡ್ಡ ಆಸ್ತಿ ನಮ್ಮ ಸರ್ಕಾರಿ ಶಾಲೆಗಳ ಮೈದಾನ. ಊರೂರಿನಲ್ಲಿ, ನಗರದ ವಾರ್ಡು ವಾರ್ಡಿನಲ್ಲಿ ಕಾಂಪೌಂಡು ಇರುವ, ಗಟ್ಟಿ ಮಣ್ಣಿನ, ನೆರಳಿರುವ ಜಾಗ ಅದು. ರಜೆಯಲ್ಲೂ ಭಾನುವಾರವೂ ಬಹಳ ಕಡೆ ಅದಕ್ಕೆ ಬೀಗ ಬಿದ್ದಿರುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಪುಟ್ಟ ಮಕ್ಕಳ ಸೈಕಲ್ಲಿಗೆಂದು ಗೇಟು ತೆರೆದು, ಸರದಿಯಂತೆ ಒಬ್ಬರು ಹೆತ್ತವರು ನಿಂತು ನೋಡಿಕೊಂಡರೆ ಸಾಕು. ಹಳೆಯ ವಿದ್ಯಾರ್ಥಿಗಳು ಸೇರಿ ಪೆಡಲ್ ಬಿಚ್ಚಿದ ಎರಡು ಸೈಕಲ್ ಅಲ್ಲಿ ಇರಿಸಿದರೆ, ಸೈಕಲ್ ಇಲ್ಲದ ಮನೆಯ ಮಕ್ಕಳೂ ಕಲಿಯುತ್ತಾರೆ. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಕಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ತನ್ನ ಮುಂದಿನ ಸಭೆಯಲ್ಲಿ ಒಂದು ತೀರ್ಮಾನ ತೆಗೆದುಕೊಂಡರೆ ಬರುವ ಭಾನುವಾರವೇ ಶುರು ಮಾಡಬಹುದು.